ನಾಲ್ಕು ನಿಮಿಷದ ಪರೀಕ್ಷೆ

"ಇನ್ನೂ ಎಷ್ಟೊತ್ತಮ್ಮಾ?" ಹೊರಗಿನ ಬೆಂಚಿನಿಂದ ಮೇಷ್ಟ್ರ ಹೆಂಡತಿ ಮೂರನೇ ಸಲ ಕೇಳಿದರು.

"ತಟ್ಟೆ ಮುಗೀತು ಅಮ್ಮಾ. ಚಿಪ್ ಒಂದು ಬಾಕಿ," ಎಂದಳು ಪರೀಕ್ಷಕಿ.

ಹಳೆಯ ಕಂಪ್ಯೂಟರುಗಳ ಡಿಸ್ಕ್ ಅಳಿಸಿ, ಒಳಗೆ ಏನೂ ಉಳಿದಿಲ್ಲವೆಂದು ಪ್ರಮಾಣಪತ್ರ ಕೊಡುವ ಜಾಗ ಅದು. ಅಳಿಸುವವರು ಬೇರೆ, ಅಳಿಸಿದ್ದು ನಿಜವೇ ಎಂದು ನೋಡುವವರು ಬೇರೆ. ನೋಡುವ ಕೆಲಸ ಇವಳದು. ಪೂರ್ತಿ ಅಳಿಸಿದ ಡಿಸ್ಕಿನಲ್ಲಿ ಕಾಣುವುದು ಸೊನ್ನೆಗಳು ಮಾತ್ರ. ಹದಿನಾಲ್ಕು ವರ್ಷ ಬರೀ ಸೊನ್ನೆಗಳನ್ನೇ ನೋಡಿದವಳಿಗೆ ಜೊತೆಯವರು ಇಟ್ಟ ಹೆಸರು ಸೊನ್ನೆಯಮ್ಮ. ಕೆಲಸ ಕಲಿಸಿದವರು ಮೇಷ್ಟ್ರು. ಅವರೇನೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಎಲ್ಲರ ಪರೀಕ್ಷೆಯ ಹಾಳೆಗಳನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ, ಆಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದರು, ಅಷ್ಟೆ. ಕಳೆದ ತಿಂಗಳು ತೀರಿಕೊಂಡರು. ಅವರ ಲ್ಯಾಪ್‌ಟಾಪನ್ನು ಹೆಂಡತಿ ಬೆಳಿಗ್ಗೆ ಟವೆಲಿನಲ್ಲಿ ಸುತ್ತಿ ತಂದಿದ್ದರು.

"ದಿನಾ ಸಂಜೆ ಏನೋ ಒಂದನ್ನ ತೆಗೆದು ನೋಡ್ತಾ ಕೂರೋರು. ನಾನು ಒಳಗೆ ಹೋದ್ರೆ ಟಪ್ ಅಂತ ಮುಚ್ಚಿಬಿಡೋರು. ಇಷ್ಟು ವರ್ಷ ಬಾಯಿ ಬಿಗಿಹಿಡ್ಕೊಂಡು ಇದ್ದೆ. ಈಗ ನೋಡೋಕೆ ಧೈರ್ಯ ಇಲ್ಲ ಕಣಮ್ಮ. ಯಾರದೋ ಕೈಗೆ ಕೊಡೋಕೂ ಮನಸ್ಸಿಲ್ಲ. ನೀನಾದ್ರೆ ಮನೆ ಮಗಳ ಹಾಗೆ. ಅಳಿಸಿಬಿಡು," ಎಂದಿದ್ದರು.

ಒಳಗಿದ್ದದ್ದು ಹೈಬ್ರಿಡ್ ಡಿಸ್ಕ್. ಈ ಜಾತಿಯ ಡಿಸ್ಕುಗಳ ಸಹವಾಸವೇ ಬೇಡ. ತಿರುಗುವ ತಟ್ಟೆಯೊಂದು, ಅದರ ಮಗ್ಗುಲಲ್ಲಿ ಉಗುರಿನಗಲದ ಚಿಪ್ ಒಂದು. ಯಜಮಾನ ಪದೇ ಪದೇ ತೆರೆಯುವುದನ್ನು ಚಿಪ್ ತನ್ನಲ್ಲೊಂದು ನಕಲು ಮಾಡಿಟ್ಟುಕೊಳ್ಳುತ್ತದೆ, ಕೇಳಿದೊಡನೆ ಕೊಡಲಿಕ್ಕೆ. ತಟ್ಟೆಯನ್ನು ಸೊನ್ನೆಗಳಿಂದ ತುಂಬಿದರೂ ಆ ನಕಲು ಕೆಲವೊಮ್ಮೆ ಹಾಗೇ ಉಳಿದಿರುತ್ತದೆ. ಡಿಸ್ಕನ್ನೇ ಕೇಳಿದರೆ ಏನೂ ಇಲ್ಲ ಎನ್ನುತ್ತದೆ. ಅದಕ್ಕೇ ಚಿಪ್ಪನ್ನು ಬಿಸಿಮಾಡಿ, ಬಿಡಿಸಿ, ಬೇರೆ ಯಂತ್ರದಲ್ಲಿ ಕೂರಿಸಿ ಓದಬೇಕು. ಏನಿಲ್ಲವೆಂದರೂ ಮುಕ್ಕಾಲು ಗಂಟೆಯ ಕೆಲಸ.

ಅದನ್ನು ಒಮ್ಮೆ ಮಾಡದೆ ಬಿಟ್ಟಿದ್ದಳು. ಹನ್ನೆರಡು ವರ್ಷದ ಹಿಂದೆ, ಒಂದೇ ಒಂದು ಸಲ. ಗಂಡಂದಿರ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರಿಗೆ ನೆರವಾಗುವ ಸಂಸ್ಥೆಯೊಂದರ ಡಿಸ್ಕ್ ಅದು. ಹಾಳೆಯ ಮೇಲೆ ಚಿಪ್ಪಿನ ಕಾಲಮ್ಮಿನಲ್ಲಿ 'ನೋಡಿದೆ' ಎಂದು ಬರೆದು ಮನೆಗೆ ಹೊರಟಿದ್ದಳು. ಅಷ್ಟು ಅವಸರ ಯಾಕಿತ್ತೆಂದು ಈಗ ಅವಳಿಗೇ ನೆನಪಿಲ್ಲ. ಡಿಸ್ಕ್ ಹಳೆ ಸಾಮಾನಿನ ಅಂಗಡಿಗೆ ಹೋಯಿತು. ಚಿಪ್ಪಿನಲ್ಲಿ ಉಳಿದಿದ್ದ ವಿಳಾಸಗಳ ಪಟ್ಟಿ ಕೈಯಿಂದ ಕೈಗೆ ದಾಟಿ, ತಲುಪಬಾರದ ಒಬ್ಬನನ್ನು ತಲುಪಿತು. ಅವನು ಹೋಗಿ ಹೆಂಡತಿಯ ಮನೆಯ ಕರೆಗಂಟೆ ಒತ್ತಿದ. ಪಾಪ, ಅವಳು ಪಕ್ಕದ ಮನೆಯವರಿರಬೇಕೆಂದು ಬಾಗಿಲು ತೆರೆದಳಂತೆ. ಉಳಿಯಲಿಲ್ಲ.

ವಿಚಾರಣೆಯ ಹೊತ್ತಿಗೆ ಪರೀಕ್ಷೆಯ ಹಾಳೆ ಕಾಣೆಯಾಗಿತ್ತು. ಸಿಕ್ಕಿದ್ದು ಮೇಷ್ಟ್ರ ಸಹಿಯಿದ್ದ ಪ್ರಮಾಣಪತ್ರ ಮಾತ್ರ. "ಸಹಿ ನಂದು, ತಪ್ಪೂ ನಂದೇ," ಎಂದು ಅವರು ಕೆಲಸ ಬಿಟ್ಟು ಮನೆ ಸೇರಿದರು. ಇವಳು ತುಟಿ ಪಿಟಕ್ಕೆನ್ನಲಿಲ್ಲ. ಹಾಳೆ ಸಿಗದಿದ್ದದ್ದು ತನ್ನ ಪುಣ್ಯ ಎಂದುಕೊಂಡಳು. ತಿಂಗಳಿಗೊಮ್ಮೆ ಹಣ್ಣು ಹಿಡಿದು ಅವರ ಮನೆಗೆ ಹೋಗುತ್ತಿದ್ದಳು. ಯಾರ ಮನೆಯ ಕರೆಗಂಟೆ ಒತ್ತುವಾಗಲೂ, ಅವರ ಮನೆಯದ್ದು ಒತ್ತುವಾಗಲೂ, ಬೆರಳು ಒಂದು ಗಳಿಗೆ ಹಿಂದೆ ಸರಿಯುತ್ತಿತ್ತು. ಒಳಗಿನಿಂದ ಬರುವ ಹೆಜ್ಜೆಗಳು ಸತ್ತ ಆ ಹೆಂಗಸಿನವೇ ಎನಿಸುತ್ತಿತ್ತು.

ಯಂತ್ರ ಬೀಪ್ ಎಂದಿತು. ಪರದೆಯ ಮೇಲೆ ಸೊನ್ನೆ, ಸೊನ್ನೆ, ಸೊನ್ನೆ, ಆಮೇಲೆ ಸೊನ್ನೆಯಲ್ಲದ್ದು. ಒಂದು ಚಿತ್ರ. ತೆರೆದಳು.

ಅದೇ ಹಾಳೆ. ಮೇಲೆ ಆ ಸಂಸ್ಥೆಯ ಹೆಸರು. ಶುರು: ಮೂರು ಹತ್ತು. ಮುಗಿದದ್ದು: ಮೂರು ಹದಿನಾಲ್ಕು. ಚಿಪ್: ನೋಡಿದೆ. ಕೆಳಗೆ ಅವಳ ಗಿಡ್ಡ ಸಹಿ. ಎರಡೂ ಹೊತ್ತನ್ನು ಸೇರಿಸಿ ಕೆಂಪು ಪೆನ್ನಿನಲ್ಲಿ ಒಂದು ಸುತ್ತು.

ಅಯ್ಯೋ ದೇವರೇ, ಗೊತ್ತಿತ್ತು ಅವರಿಗೆ. ಹಾಳೆಯನ್ನು ಕಾಣೆ ಮಾಡಿದ್ದೇ ಅವರು. ಹನ್ನೆರಡು ವರ್ಷ ದಿನಾ ಸಂಜೆ ತೆಗೆದು ನೋಡಿದ್ದು ಇದನ್ನು, ಕಣ್ಣೆದುರಿಗೇ ಇದ್ದ ನಾಲ್ಕು ನಿಮಿಷವನ್ನು ಅಂದು ಕಾಣದೆ ತಾವು ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದನ್ನು. ಹಣ್ಣು ತೆಗೆದುಕೊಂಡು "ಚೆನ್ನಾಗಿದೀಯಾ?" ಎನ್ನುತ್ತಿದ್ದ ಆ ಮುಖ ಅವಳಿಗೆ ನೆನಪಾಯಿತು.

ಲೋಕದಲ್ಲಿ ಉಳಿದಿರುವ ಸಾಕ್ಷಿ ಇದೊಂದೇ. ಒಂದು ಗುಂಡಿ ಒತ್ತಿದರೆ ಇದೂ ಸೊನ್ನೆ. ಬೆರಳು ಅಲ್ಲಿಗೆ ಹೋಗಿಯೂ ಹೋಯಿತು.

ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದರು. ಟವೆಲನ್ನು ಮಡಚಿ ಎದೆಗವಚಿಕೊಂಡಿದ್ದರು.

"ಏನಾದ್ರೂ ಉಳಿದಿತ್ತಾ?" ಎಂದರು. ಹತ್ತಿರ ಬಂದು ದನಿ ತಗ್ಗಿಸಿದರು. "ನಿಜ ಹೇಳು. ಯಾವಳಾದ್ರೂ ಇದ್ಲಾ?"

ಇಲ್ಲ ಅಮ್ಮಾ, ಏನೂ ಇರಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆ ಅನುಮಾನ ಈ ಹೆಂಗಸಿನ ಜೊತೆ ಮನೆಗೆ ಹೋಗುತ್ತಿತ್ತು, ಸಾಯುವತನಕ ಇರುತ್ತಿತ್ತು. ಅವಳು ಸ್ಟೂಲು ಎಳೆದು ಕೂರಿಸಿ, ಪರದೆಯನ್ನು ಅವರ ಕಡೆ ತಿರುಗಿಸಿದಳು.

ಅವರು ಕನ್ನಡಕ ಏರಿಸಿ ಮೆಲ್ಲಗೆ ಓದಿದರು. "ಇದು ಅವರ ಕೆಲಸ ಹೋಯ್ತಲ್ಲ, ಆ ಸಂಸ್ಥೆಯ ಹಾಳೆ ಅಲ್ವಾ? ಸಹಿ ಅವರದ್ದಲ್ಲವಲ್ಲ. ಯಾರದು?"

"ನಂದು ಅಮ್ಮಾ. ನಾನು ಚಿಪ್ ನೋಡ್ಲೇ ಇಲ್ಲ. ನಾಲ್ಕು ನಿಮಿಷದಲ್ಲಿ ಅದನ್ನ ನೋಡೋಕೇ ಆಗಲ್ಲ. ನಾನು ಸುಳ್ಳು ಬರೆದೆ. ಅವರು ನನ್ನ ಹೆಸರು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಅವರು ಕನ್ನಡಕ ತೆಗೆದು ಟವೆಲಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ನೀನು ಬಂದ ದಿನ ಮಾತ್ರ ಅವರು ಇದನ್ನ ತೆಗೀತಿರಲಿಲ್ಲ," ಎಂದರು.

ಅವಳಿಗೆ ಅಳು ಉಕ್ಕಿ ಬಂತು. ಎದ್ದು ಹೋಗಿ ಆ ಹಾಳೆಯ ಪ್ರತಿ ತೆಗೆದಳು. ಗಿಡ್ಡ ಸಹಿಯ ಪಕ್ಕದಲ್ಲಿ ತನ್ನ ಪೂರ್ತಿ ಹೆಸರು ಬರೆದು ಅವರಿಗೆ ಕೊಟ್ಟಳು. ಅವರು ಅದನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಏನು ಮಾಡುತ್ತೇನೆಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ.

"ಈಗ ಅಳಿಸು," ಎಂದರು. "ಪೂರ್ತಿ ನೋಡು. ನಾನಿಲ್ಲೇ ಕೂತಿರ್ತೀನಿ."

ಅವಳು ಕಣ್ಣೊರೆಸಿಕೊಂಡು, ಹೊಸ ಹಾಳೆಯ ಮೇಲೆ ಶುರುವಾದ ಹೊತ್ತನ್ನು ಬರೆದು, ಗುಂಡಿ ಒತ್ತಿದಳು. ಯಂತ್ರ ಸಣ್ಣಗೆ ಗುಂಯ್‌ಗುಟ್ಟತೊಡಗಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು. ಇಬ್ಬರೂ ಏಳಲಿಲ್ಲ.