ಹತ್ತಿಗೆ ಹೋದವರು, ಹೋಗದವರು

ಶಹಾಪುರದಿಂದ ದೋರನಹಳ್ಳಿ ದಾಟಿ ಒಳಗಿರುವ ಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ನಿಂತೇ ಬರುವ ಗಣಿತದ ಟೀಚರ್ ನಾನು. ಶಾಲೆ ಮುಟ್ಟುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಉಳಿದರ್ಧ ಹೆಡ್‌ಮಾಸ್ತರ ಚಂದ್ರಾಮಪ್ಪನವರ ಪಾಲು.

ಅವತ್ತು ಅವರು ಹತ್ತನೇ ತರಗತಿಯ ಹೋದ ವರ್ಷದ ಫಲಿತಾಂಶ ಹಿಡಿದು ಕೂತಿದ್ದರು.

"ನೋಡ್ರಿ ರೇಣುಕಾದೇವಿ ಟೀಚರ್, ಫೇಲಾದ ಹತ್ತು ಮಂದ್ಯಾಗ ಎಂಟು ಮಂದಿ ಹತ್ತಿ ಬಿಡಿಸಾಕ ಹೋಗೋರು. ಈ ವರ್ಷ ಅಂಥೋರ್ನ ಪರೀಕ್ಷಾಕ ಕೂಡ್ಸೋದು ಬ್ಯಾಡ. ಹಾಜರಿ ಕಮ್ಮಿ ಅಂತ ಬರದ್ರಾತು. ಮೊದ್ಲು ಆ ಕರೆಮ್ಮನ ಮಗಳು ಶಿವಾನಿ ಹೆಸರು ತಗೀರಿ."

ದಸರಾ ಮುಗಿದಂದಿನಿಂದ ಶಿವಾನಿ ಅರ್ಧ ವಾರ ಹೊಲದಲ್ಲೇ ಇರುತ್ತಾಳೆ, ನಿಜ. ಬಂದ ದಿನ ಮಾತ್ರ ಲೆಕ್ಕ ಮುಗಿಸದೆ ಬೆಂಚು ಬಿಟ್ಟೇಳುವ ಹುಡುಗಿಯಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಎದ್ದು ಬೋರ್ಡಿನ ಮೇಲೆ ನಾಲ್ಕು ಮನೆಯ ಕೋಷ್ಟಕ ಎಳೆದೆ. ಪರೀಕ್ಷೆಗೆ ಕೂತವರು ಐವತ್ತು. ಹತ್ತಿಗೆ ಹೋದವರಲ್ಲಿ ಪಾಸು ಮೂವತ್ತೆರಡು, ಫೇಲು ಎಂಟು. ಹೋಗದವರಲ್ಲಿ ಪಾಸು ಎಂಟು, ಫೇಲು ಎರಡು.

"ಸರ್, ನೀವು ಬರೇ ಫೇಲಾದೋರ್ನ ಹಿಡ್ದು ಓದಾಕತ್ತೀರಿ. ಹತ್ತಿಗೆ ಹೋದೋರ್ನ ಹಿಡ್ದು ಓದ್ರಿ. ನಲವತ್ತರಾಗ ಎಂಟು, ಅಂದ್ರ ಐದರಾಗ ಒಂದು. ಹೋಗದೋರಾಗ ಹತ್ತಕ್ಕ ಎರಡು. ಅದೂ ಐದರಾಗ ಒಂದಾ. ಊರಿಗೆ ಊರೇ ಹತ್ತಿಗೆ ಹೋಗ್ತೈತಿ ಅಂದಮ್ಯಾಲ ಫೇಲಾದೋರಾಗೂ ಅವ್ರಾ ಹೆಚ್ಚು, ಪಾಸಾದೋರಾಗೂ ಅವ್ರಾ ಹೆಚ್ಚು."

ಚಂದ್ರಾಮಪ್ಪನವರು ಬೋರ್ಡಿನ ಅಂಕಿಗಳನ್ನು ತಾವೇ ಒಮ್ಮೆ ಕೂಡಿಸಿ ನೋಡಿದರು. ಕೆಟ್ಟ ಮನುಷ್ಯರಲ್ಲ, ಮೇಲಿನವರ ಬೈಗುಳಕ್ಕೆ ಹೆದರಿ ಹಣ್ಣಾದವರು. "ಆತು ಬಿಡ್ರಿ, ಕೂಡ್ಲಿ," ಎಂದರು.

ಶಾಲೆ ಬಿಟ್ಟ ಮೇಲೆ ಸುದ್ದಿ ಹೇಳಲು ಕರೆಮ್ಮನನ್ನು ಹುಡುಕಿಕೊಂಡು ಹೊಲಕ್ಕೆ ಹೋದೆ. ಕಾಲಲ್ಲಿ ಕಸುವಿರಲಿಲ್ಲ, ಗೆದ್ದ ಹುರುಪೊಂದೇ ನಡೆಸಿತು. ಕರೆಮ್ಮ, ಶಿವಾನಿ ಮತ್ತು ಅವಳ ಅಕ್ಕ ಭೀಮಾಬಾಯಿ ಸೊಂಟಕ್ಕೆ ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುತ್ತಿದ್ದರು. ಬದುವಿನ ಮೇಲೆ ನಿಂತೇ ಎಲ್ಲ ಹೇಳಿದೆ.

"ಹತ್ತಿಗೆ ಹೋದ್ರೂ ಅಷ್ಟ, ಹೋಗದಿದ್ರೂ ಅಷ್ಟ, ಕರೆಮ್ಮ. ಫೇಲಾಗೋದು ಐದರಾಗ ಒಬ್ರಾ. ಶಿವಾನಿ ಪರೀಕ್ಷಾಕ ಕೂಡ್ತಾಳ."

ಕರೆಮ್ಮನ ಮುಖ ಹಗುರಾಯಿತು. "ಹಂಗಾರ ಹತ್ತಿ ಮುಗಿಯೋತನಾ ಇಲ್ಲೇ ಇರ್ಲಿ ಬಿಡ್ರಿ ಟೀಚರ್. ಫರಕ್ ಏನೂ ಇಲ್ಲಲ್ರಿ."

ನನ್ನ ಮಾತೇ ನನಗೆ ಉರುಳಾಯಿತು. ಅಷ್ಟರಲ್ಲಿ ಭೀಮಾಬಾಯಿ ಬಗ್ಗಿದಲ್ಲಿಂದಲೇ ಕೇಳಿದಳು.

"ಟೀಚರ್, ಆ ನಲವತ್ತು ಮಂದ್ಯಾಗ ನಾನೂ ಇದೀನೇನ್ರಿ?"

ಹೋದ ವರ್ಷ ಅವಳೂ ಹತ್ತನೇ ತರಗತಿಯಲ್ಲಿದ್ದಳು. ಹತ್ತಿಗೆಂದು ಹೋದವಳು ಪರೀಕ್ಷೆಗೆ ಬರಲೇ ಇಲ್ಲ. ನಾನು ಪರೀಕ್ಷೆಗೆ ಕೂತವರನ್ನಷ್ಟೇ ಎಣಿಸಿದ್ದೆ. ಅವಳಂತೆ ಹೊಲದಲ್ಲೇ ಉಳಿದುಹೋದ ಹುಡುಗಿಯರು ಒಬ್ಬೊಬ್ಬರಾಗಿ ನೆನಪಾದರು. ನನ್ನ ನಾಲ್ಕು ಮನೆಗಳಲ್ಲಿ ಅವರಿಗೆ ಜಾಗವೇ ಇರಲಿಲ್ಲ. ಹತ್ತಿಗೆ ಹೋಗದವರಲ್ಲಿ ಹಾಗೆ ಬಿಟ್ಟುಹೋದವರು ಒಬ್ಬರೂ ಇಲ್ಲ.

"ಇಲ್ಲವಾ, ನೀ ಇಲ್ಲ," ಎಂದೆ. "ಕರೆಮ್ಮ, ನನ್ನ ಲೆಕ್ಕ ತಪ್ಪೈತಿ. ಭಾಳ ಫರಕ್ ಐತಿ. ವಾಪಸ್ ಬಂದ ಹುಡುಗೀರು ಪಾಸಾಗ್ತಾರ. ಬರದಾ ಇದ್ದೋರ್ನ ನಾ ಎಣಿಸಾ ಇಲ್ಲ. ಶಿವಾನೀನ ನಾಳಿಂದ ಕಳಿಸು."

ಕರೆಮ್ಮ ಕಾಯಿ ಒಡೆದು ಬೆಳ್ಳಗೆ ನಿಂತ ಹೊಲವನ್ನೊಮ್ಮೆ ನೋಡಿದಳು. ಸಿಟ್ಟಿರಲಿಲ್ಲ, ದಣಿವಿತ್ತು.

"ಕಳಸ್ತೀನ್ರಿ. ಅಕಿ ಬಿಡಿಸೋ ಸಾಲು ಯಾರು ಹಿಡೀಬೇಕು, ಅದನ್ನೂ ಹೇಳ್ರಿ."

ಭೀಮಾಬಾಯಿ ನೆಟ್ಟಗಾದಳು. ತಂಗಿಯ ಸೊಂಟದ ಉಡಿ ಬಿಚ್ಚಿ, ಅದರಲ್ಲಿದ್ದ ಹತ್ತಿಯನ್ನು ತನ್ನ ಉಡಿಗೆ ಸುರಿದುಕೊಂಡಳು.

"ನಾ ಹಿಡೀತೀನಿ," ಎಂದಳು. "ನೀ ನಾಳಿಂದ ಶಾಲಿಗೆ ನಡಿ. ನೀನರ ಲೆಕ್ಕದಾಗಿರು."