ಖಾಲಿ ಮಿಂಚು

ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಖಲಂದರ್ ಸಾಹೇಬರ ಗುಲ್ಶನ್ ಸ್ಟುಡಿಯೋ ಗೊತ್ತಿಲ್ಲದವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಮದುವೆ, ನಾಮಕರಣ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟು, ಎಲ್ಲಕ್ಕೂ ಅವರೇ. ಒಳಗೆ ಗೋಡೆಯುದ್ದಕ್ಕೂ ಒಂದು ಪರದೆ. ಅದರ ಮೇಲೆ ಹಿಮದ ಬೆಟ್ಟ, ಕಾರಂಜಿ, ಹೆಸರೇ ಗೊತ್ತಿಲ್ಲದ ನೀಲಿ ಹೂಗಳು. ಶೀಳನೆರೆಯ ಗೌಡರು ಬಂದರೂ ಅಷ್ಟೇ, ಬೆವರು ಒರೆಸಿಕೊಂಡು ಆ ಹಿಮದ ಮುಂದೆಯೇ ಕೂರಬೇಕು. ಆ ಪರದೆ ಕಂಡರೆ ಸಾಹೇಬರ ಮಗಳು ಮಹೇಕ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಮಹೇಕ್‌ಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಎರಡು ವರ್ಷದಿಂದ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಆಲ್ಬಮ್ಮಿಗೆ ಫೋಟೋ ಅಂಟಿಸುತ್ತಿದ್ದಳು. ಕ್ಯಾಮರಾಕ್ಕೆ ರೀಲು ಹಾಕಲು ಬರುತ್ತಿತ್ತು, ಬೆಳಕು ನೋಡಲು ಬರುತ್ತಿತ್ತು, ಅಪ್ಪನಿಗಿಂತ ಚೆನ್ನಾಗಿಯೇ ಬರುತ್ತಿತ್ತು ಅನ್ನಿ. ಆದರೆ ಕ್ಯಾಮರಾ ಹಿಡಿದು ಹೊಸ್ತಿಲು ದಾಟಲು ಅಪ್ಪಣೆ ಇರಲಿಲ್ಲ. ಸೀಮಂತಕ್ಕೋ ಆರತಿಗೋ ಅಪ್ಪ ಹೋದರೆ ಹೆಂಗಸರು ಸೆರಗು ಹೊದ್ದು ಕಂಬದಂತೆ ನಿಲ್ಲುತ್ತಾರೆ, ಅಲ್ಲಿಗೆ ನಾನು ಹೋಗಬೇಕು ಎಂಬುದು ಅವಳ ವಾದ. ಆ ವಾದಕ್ಕೆ ಎರಡು ವರ್ಷದಿಂದ ಕಿವಿಯೇ ಸಿಕ್ಕಿರಲಿಲ್ಲ.

ತೊಂಬತ್ತೈದನೇ ಇಸವಿ, ರಂಜಾನ್ ಹಬ್ಬ ಕಳೆದ ಮಾರನೆಯ ದಿನ. ಹೊಟ್ಟೆ ತುಂಬ ಶ್ಯಾವಿಗೆ ಪಾಯಸ ಕುಡಿದು ಅಪ್ಪ ಒಳ್ಳೆಯ ಮನಸ್ಸಿನಲ್ಲಿದ್ದಾಗ ಹುಡುಗಿ ಮತ್ತೆ ಶುರು ಮಾಡಿದಳು.

"ಮನುಷ್ಯರ ಫೋಟೋ ಯಾರು ಬೇಕಾದ್ರೂ ತೆಗೀತಾರೆ ಬೇಟಿ," ಅಂದರು ಖಲಂದರ್. "ನಿಲ್ಲು ಅಂದ್ರೆ ನಿಲ್ತವೆ, ನಗು ಅಂದ್ರೆ ನಗ್ತವೆ. ಒಂದು ರೀಲು ಕೊಡ್ತೀನಿ, ಮೂವತ್ತಾರು. ಯುಗಾದಿ ಬರೋದ್ರೊಳಗೆ ಊರ ಸುತ್ತ ನಡ್ಕೊಂಡು ಹೋಗಿ ಚಿಗುರೋ ಹೂವೋ ಏನಾದ್ರೂ ತೆಗಿ. ಒಬ್ಬ ಮನುಷ್ಯ ಇರಬಾರದು. ನಮ್ಮ ಶೋಕೇಸಿಗೆ ಹಾಕೋ ಅಂಥವು ಎಂಟು ಬಂದ್ರೆ ಕ್ಯಾಮರಾ ನಿಂದು. ಏಳು ಬಂದ್ರೆ ಬಾಯಿ ಮುಚ್ಕೊಂಡು ಅಂಟು ಹಚ್ಚು."

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಗಿಡದ ಫೋಟೋ ಯಾರು ಕೊಂಡ್ಕೋತಾರೆ?" ಎಂದು ಅಡುಗೆಮನೆಯಿಂದ ತಾಯಿ ಅಖ್ತರ್ ಬೇಗಂ ಕೂಗಿದರು. ಆದರೂ ಮಾರನೆಯ ದಿನ ಏಳು ಗಂಟೆಗೆ ಮಗಳ ದುಪಟ್ಟಾ ಸರಿಮಾಡಿ, ಹತ್ತರೊಳಗೆ ವಾಪಸ್ ಬರಬೇಕು ಎಂದು ಹೇಳಿ ಕಳಿಸಿದವರು ಅವರೇ.

ಆಹಾ, ಆ ಮಾರ್ಚಿ! ಹತ್ತೊಂಬತ್ತು ವರ್ಷ ಅದೇ ಊರಿನಲ್ಲಿದ್ದ ಹುಡುಗಿಗೆ ಊರು ಇಷ್ಟಿದೆ ಎಂದು ಗೊತ್ತೇ ಇರಲಿಲ್ಲ. ಅರಳಿಮರ ತಾಮ್ರದ ಬಣ್ಣದ ಚಿಗುರು ಹೊತ್ತು ನಿಂತಿತ್ತು. ಸಂತೆಮಾಳದ ಹುಣಸೆಯಲ್ಲಿ ಕೆಂಪು ಚಿಗುರು, ಕಿತ್ತು ಬಾಯಿಗೆ ಹಾಕಿಕೊಂಡರೆ ಹುಳಿಗೆ ಕಣ್ಣು ಮುಚ್ಚಬೇಕು. ನಾಲೆಯ ದಂಡೆಯಲ್ಲಿ ಗದ್ದೆಗೆ ಸೊಪ್ಪು ಹಾಕಲು ನೆಟ್ಟ ಗೊಬ್ಬರದ ಗಿಡಗಳು ಎಲೆ ಕಳಚಿ ಗುಲಾಬಿ ಹೂ ಮುಡಿದಿದ್ದವು. ಮಾವಿನ ತೋಪಿನ ಬಳಿ ನಿಂತರೆ ಜೇನುಹುಳುಗಳ ಸದ್ದಿಗೆ ತಲೆ ತಿರುಗುತ್ತಿತ್ತು. ದನ ಹೊಡೆದುಕೊಂಡು ಬಂದ ಜವರಯ್ಯ ಅವಳು ಮಂಡಿಯೂರಿ ಕೂತಿದ್ದನ್ನು ನೋಡಿ, "ಮರದ ಪೋಟ ಯಾಕವ್ವ, ಮರ ಎಲ್ಲಿಗಾದ್ರೂ ಓಡೋಯ್ತದಾ?" ಅಂದ. "ಮರ ಓಡಲ್ಲ ಕಣಣ್ಣ, ಹೂ ಓಡೋಗ್ತದೆ," ಅಂದಳು ಮಹೇಕ್. ಅವನು ನಗುತ್ತ ಹೋದ, ಅವಳು ದನದ ಧೂಳು ಇಳಿಯುವವರೆಗೆ ಕಾದು ಕ್ಲಿಕ್ ಮಾಡಿದಳು. ಒಂದೊಂದು ಕ್ಲಿಕ್ಕಿಗೂ ಅರ್ಧ ಗಂಟೆ ಲೆಕ್ಕ. ರೀಲು ಒಂದೇ ಇದ್ದವಳಿಗೆ ದುಡುಕಲು ಎಲ್ಲಿದೆ ಜಾಗ?

ಮೂವತ್ತು ಮುಗಿದಿದ್ದಾಗ ಹೊಸಹೊಳಲಿನ ದಾರಿಯಲ್ಲಿ ಒಂದು ಮುತ್ತುಗದ ಮರ ಸಿಕ್ಕಿತು. ಒಂದು ಎಲೆಯಿಲ್ಲ, ಬುಡದಿಂದ ತುದಿವರೆಗೆ ಕೆಂಡದಂಥ ಹೂವು. ಮಹೇಕ್ ಕ್ಯಾಮರಾ ಎತ್ತಿದಳೋ ಇಲ್ಲವೋ, ಎರಡು ಮೇಕೆ ಹಿಡಿದ ಒಬ್ಬ ಮುದುಕಿ ಬಂದು ಸರಿಯಾಗಿ ಮರದ ಮುಂದೆ ನಿಂತುಕೊಂಡಿತು. ಹೊಸಹೊಳಲಿನ ದ್ಯಾವಮ್ಮ.

"ನಂದೂ ಒಂದು ತೆಗಿ ಮಗ. ನಮ್ಮನೆ ಪೋಟದಲ್ಲೆಲ್ಲ ಎಲ್ಲ್ರೂ ಅವ್ರೆ, ನಾನೊಬ್ಳೇ ಇಲ್ಲ. ನನ್ ಮೋರೆ ಪೋಟಕ್ಕೆ ಹತ್ತಾಕಿಲ್ಲ ಕಣವ್ವ, ವಸಿ ಸರಿಯಾಗಿ ತೆಗಿ."

ಮಹೇಕ್‌ಗೆ ಅಪ್ಪನ ಕಸುಬಿನ ಒಂದು ಗುಟ್ಟು ನೆನಪಾಯಿತು. ಮದುವೆಮನೆಯಲ್ಲಿ ಕಂಡಕಂಡವರೆಲ್ಲ ನಂದೊಂದು ತೆಗಿ ಎಂದು ಬಂದು ನಿಲ್ಲುತ್ತಾರೆ. ಎಲ್ಲರಿಗೂ ರೀಲು ಸುರಿದರೆ ಧಾರೆಯ ಹೊತ್ತಿಗೆ ಏನೂ ಉಳಿಯುವುದಿಲ್ಲ. ಅದಕ್ಕೆ ಅಪ್ಪ ಕ್ಯಾಮರಾದ ಗುಂಡಿ ಮುಟ್ಟದೆ ಫ್ಲ್ಯಾಶಿನ ಬೆನ್ನಿಗಿದ್ದ ಸಣ್ಣ ಗುಂಡಿ ಒತ್ತುತ್ತಿದ್ದರು. ಪಳ್ ಎಂದು ಬೆಳಕು ಬರುತ್ತದೆ, ನಿಂತವರಿಗೆ ಖುಷಿ, ರೀಲಿನಲ್ಲಿ ಏನೂ ಇಲ್ಲ. ಅದಕ್ಕೆ ಅವರಿಟ್ಟ ಹೆಸರು ಖಾಲಿ ಮಿಂಚು. ಆಮೇಲೆ ಯಾರಾದರೂ ಫೋಟೋ ಕೇಳಿಕೊಂಡು ಬಂದರೆ, ಲ್ಯಾಬಿನಲ್ಲಿ ಬೆಳಕು ಬಿದ್ದು ಕೆಟ್ಟುಹೋಯಿತು ಎಂದರೆ ಮುಗಿಯಿತು.

ಹುಡುಗಿ ಫ್ಲ್ಯಾಶಿನ ಸಣ್ಣ ಗುಂಡಿ ಒತ್ತಿದಳು. ದ್ಯಾವಮ್ಮ ಕಣ್ಣು ಪಿಳುಕಿಸಿ, ಸಂತೋಷದಿಂದ ಅವಳ ಕೆನ್ನೆ ಸವರಿ, ಮೇಕೆ ಎಳೆದುಕೊಂಡು ಹೋಯಿತು. ಮಹೇಕ್ ತನ್ನ ಜಾಣತನಕ್ಕೆ ತಾನೇ ನಕ್ಕು ಮರದ ಫೋಟೋ ತೆಗೆದಳು. ನಾಚಿಕೆ ಆಮೇಲೆ ಬಂತು.

ಯಾಕೆಂದರೆ ದ್ಯಾವಮ್ಮ ಬಿಡುವ ಪೈಕಿ ಅಲ್ಲ. ಮುಂದಿನ ವಾರ ಹೊಸಹೊಳಲಿನಿಂದ ನಡೆದುಕೊಂಡೇ ಸ್ಟುಡಿಯೋಗೆ ಬಂತು. ಮಹೇಕ್ ಇನ್ನೂ ರೀಲು ಮುಗಿದಿಲ್ಲ ಅಜ್ಜಿ ಎಂದು ತಪ್ಪಿಸಿಕೊಂಡಳು. ಎರಡನೆಯ ಸಲ ಬಂದಾಗ ಹಿಂದಿನ ಕೋಣೆಯಲ್ಲಿ ಅಡಗಿದಳು. ಮೂರನೆಯ ಸಲ ಬಂದಾಗ ಮುಂದೆ ಅಪ್ಪ ಕೂತಿದ್ದರು.

"ಹೋ, ಆ ಫೋಟೋನಾ? ರೀಲು ಕೆಟ್ಟೋಯ್ತು ಕಣಮ್ಮ," ಅಂದರು ಖಲಂದರ್, ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ. "ಲ್ಯಾಬಲ್ಲಿ ಬೆಳಕು ಬಿದ್ಬುಡ್ತು."

ರೀಲು ಇನ್ನೂ ಕ್ಯಾಮರಾದಲ್ಲೇ ಇತ್ತು. ದ್ಯಾವಮ್ಮ ಕೈಯಿಂದ ಒಂದು ಸಲ ಕೆನ್ನೆ ಒರೆಸಿಕೊಂಡು, "ಗೊತ್ತಿತ್ತು ಬುಡಿ. ನನ್ ಮೋರೆನೇ ಅಂಗೆ," ಎಂದು ಮೆಟ್ಟಿಲು ಇಳಿಯತೊಡಗಿತು. ಹಿಂದಿನ ಕೋಣೆಯಲ್ಲಿ ಆ ಮಾತು ಕೇಳಿದ ಮಹೇಕ್‌ಗೆ ಕೂರಲಾಗಲಿಲ್ಲ. ಅಂಟು ಮೆತ್ತಿದ ಕೈಯಲ್ಲೇ ಹೊರಗೆ ಓಡಿ ಬಂದಳು.

"ಅಜ್ಜಿ, ನಿಲ್ಲಿ. ಕೆಟ್ಟಿಲ್ಲ. ನಾನು ತೆಗೀಲೇ ಇಲ್ಲ. ಬರೀ ಬೆಳಕು ಬಿಟ್ಟು ಮೋಸ ಮಾಡ್ದೆ."

ಪಾಸ್‌ಪೋರ್ಟ್ ಸೈಜಿಗೆ ಬಂದು ಕೂತಿದ್ದ ತಮ್ಮಯ್ಯ ಮೇಷ್ಟ್ರು ತಲೆ ಎತ್ತಿ ನೋಡಿದರು. ಖಲಂದರರ ಮುಖ ಕಪ್ಪಿಟ್ಟಿತು. ದ್ಯಾವಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟು ಬಾಯಿ ಬಿಟ್ಟಿತು ನೋಡಿ, ಬೀದಿಗೆಲ್ಲ ಕೇಳಬೇಕು.

"ಅಯ್ಯೋ ನಿನ್ ಮನೆ ಕಾಯ್ವೋಗ! ಮೂರ್ ದಪ ಕಾಲ್ ತೇಯಿಸ್ಕಂಡ್ ಬಂದೆನಲ್ಲೇ! ಎಳೇ ಹುಡ್ಗಿ, ಇನ್ನೂ ಹಾಲು ಆರದ ಬಾಯಿ, ಆಗ್ಲೇ ಇಂಗೆ ಸುಳ್ಳಾ?"

"ತಪ್ಪಾಯ್ತು ಅಜ್ಜಿ. ನಾಳೆ ಬೆಳಗ್ಗೆ ನಾನೇ ಬರ್ತೀನಿ. ಆ ಮರದ ಕೆಳಗೇ ನಿಲ್ಲಿಸಿ ತೆಗೀತೀನಿ."

"ಆ ಮರದಲ್ಲಿ ಈಗ ಏನದೆ ಮಣ್ಣು? ಹೂವೆಲ್ಲ ಉದುರಿ ಬೋಳಾಗಿ ಕುಂತದೆ. ನಂಗೆ ಹೂ ಇರೋ ಮರನೇ ಬೇಕು. ಬೇಕು ಅಂದ್ರೆ ಬೇಕು."

ದ್ಯಾವಮ್ಮ ಹೋದ ಮೇಲೆ ಖಲಂದರ್ ಮಗಳನ್ನು ಗದರಲಿಲ್ಲ. "ಕಸುಬಿನ ಗುಟ್ಟು ಬೀದಿಗೆ ಹಾಕ್ದೆ," ಅಂದರು ಅಷ್ಟೇ. "ರೀಲಲ್ಲಿ ಎಷ್ಟುಳಿದಿದೆ?"

"ಒಂದು."

"ಶೋಕೇಸಿಗೆ ಬರೋದು ಎಷ್ಟು ತೆಗ್ದಿದೀಯ?"

"ಏಳು ಖಂಡಿತ. ಎಂಟನೇದು ಈ ಒಂದರಲ್ಲಿ ಬರಬೇಕು."

"ಹಂಗಾದ್ರೆ ಯೋಚನೆ ಮಾಡು. ಇನ್ನೊಂದು ರೀಲು ನಾನು ಕೊಡಲ್ಲ," ಎಂದು ಅಪ್ಪ ಪುಸ್ತಕಕ್ಕೆ ಮರಳಿದರು.

ಮಹೇಕ್ ಯೋಚನೆ ಮಾಡಿದಳು. ಬೆಳಗಾಗುವ ಹೊತ್ತಿಗೆ ಮುಗಿಸಿದಳು. ಏಳೂವರೆಗೆ ಹೊಸಹೊಳಲಿನಲ್ಲಿ ದ್ಯಾವಮ್ಮನ ಬಾಗಿಲಲ್ಲಿ ನಿಂತಿದ್ದಳು.

ಹೂವಿನ ಮರ ಹುಡುಕಿಕೊಂಡು ಇಬ್ಬರೂ ಹೊರಟರು. ದೇವಸ್ಥಾನದ ಹಿಂದಿನ ಹೊಂಗೆ ಎಳೆ ಹಸಿರು ಎಲೆ ಬಿಟ್ಟಿತ್ತು, ಹೂವಿಗೆ ಇನ್ನೂ ಹದಿನೈದು ದಿನ ಬೇಕಿತ್ತು. ಬೇವು ಮೊಗ್ಗಿನಲ್ಲಿತ್ತು. ದಾರಿಯ ಮುತ್ತುಗಗಳೆಲ್ಲ ಖಾಲಿ. ಉದುರಿದ ಹೂವನ್ನು ಮೇಕೆಗಳೇ ತಿಂದು ಮುಗಿಸಿದ್ದವು. ನಾಲೆ ದಾಟಿದರು, ಒಂದು ಕಬ್ಬಿನ ಗದ್ದೆಯ ಬದುವಿನಲ್ಲಿ ನಡೆದರು. ಬಿಸಿಲೇರಿತು. ಮಹೇಕ್‌ಳ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ನಡೆದಳು, ವಾಪಸ್ ಹೋಗೋಣ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ.

"ಗುಡ್ಡದಿಂದೆ ಒಂದು ಸೋಮಾರಿ ಮರ ಅದೆ ಮಗ," ಅಂತು ದ್ಯಾವಮ್ಮ, ಕೋಪ ಅಷ್ಟು ಹೊತ್ತಿಗೆ ಇಳಿದಿತ್ತು. "ಎಲ್ಲಾ ಮರ ಹೂ ಬುಟ್ಟು ಮುಗೀತು ಅಂದ್ಮೇಲೆ ಅದು ಎದ್ದು ಕಣ್ಣುಜ್ಜತದೆ."

ಗುಡ್ಡ ಬಳಸಿ ಹೋದಾಗ ಇಬ್ಬರೂ ನಿಂತುಬಿಟ್ಟರು. ಕಲ್ಲುಕಟ್ಟೆಯ ಬದಿಯಲ್ಲಿ ಒಂಟಿ ಮುತ್ತುಗ, ಮೈತುಂಬ ಹೂವು, ಕೆಳಗಿನ ನೀರಿನಲ್ಲಿ ಅಷ್ಟೇ ಹೂವು. ಗೊರವಂಕಗಳು ಮಕರಂದ ಹೀರುತ್ತ ಜಗಳವಾಡುತ್ತಿದ್ದವು. ಬೆಳಕು ಪಕ್ಕದಿಂದ ಬೀಳುತ್ತಿತ್ತು. ಮಹೇಕ್ ಕ್ಯಾಮರಾ ಕಣ್ಣಿಗಿಟ್ಟು ನೋಡಿದಳು. ಎಂಟನೆಯದು ಇದೇ. ಆಗಲೇ ತೆಗೆದ ಏಳನ್ನೂ ಮೀರಿಸುವಂಥದ್ದು.

ದ್ಯಾವಮ್ಮ ಸೆರಗು ಸರಿಮಾಡಿಕೊಂಡು, ಮುಖಕ್ಕೆ ಕಟ್ಟೆಯ ನೀರು ಹಾಕಿಕೊಂಡು, ಹೋಗಿ ಮರದ ಕೆಳಗೆ ನಿಂತಿತು.

ಒಂದೇ ಒಂದು ಉಳಿದಿದೆ. ಹೆಬ್ಬೆರಳ ಪಕ್ಕದಲ್ಲೇ ಫ್ಲ್ಯಾಶಿನ ಆ ಸಣ್ಣ ಗುಂಡಿ. ಒತ್ತಿದರೆ ಮುದುಕಿ ಖುಷಿಯಾಗಿ ಪಕ್ಕಕ್ಕೆ ಸರಿಯುತ್ತದೆ, ಮರ ಸಿಗುತ್ತದೆ, ಕ್ಯಾಮರಾ ಸಿಗುತ್ತದೆ, ಎರಡು ವರ್ಷದ ಅಂಟಿನ ಡಬ್ಬಿಯಿಂದ ಬಿಡುಗಡೆ ಸಿಗುತ್ತದೆ. ಇಲ್ಲಿ ನೋಡಲು ಯಾರೂ ಇಲ್ಲ. ಮಹೇಕ್‌ಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ, ಬಹಳ ಆಸೆಯಾಯಿತು. ಅವಳು ಫ್ಲ್ಯಾಶನ್ನು ಕ್ಯಾಮರಾದಿಂದ ಬಿಚ್ಚಿ ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಮಿಂಚು ಬ್ಯಾಡ್ವಾ?" ದ್ಯಾವಮ್ಮನಿಗೆ ಅನುಮಾನ. "ಮಿಂಚಿದ್ರೇ ಬರ್ನಿಲ್ಲ, ಮಿಂಚ್ದೆ ಬತ್ತದಾ?"

"ಬರ್ತದೆ ಅಜ್ಜಿ. ಈ ಸಲ ಬಂದೇ ಬರ್ತದೆ. ನನ್ ಕಡೆ ನೋಡಬೇಡಿ, ಆ ಹಕ್ಕಿ ನೋಡಿ."

ದ್ಯಾವಮ್ಮ ತಲೆ ಎತ್ತಿ ಗೊರವಂಕದ ಜಗಳ ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಕ್ಲಿಕ್. ಮಹೇಕ್ ಇನ್ನೊಂದು ಸಿಕ್ಕೀತೇನೋ ಎಂದು ಕ್ಯಾಮರಾದ ರೀಲು ಸರಿಸುವ ಕೀಲಿ ಎಳೆದು ನೋಡಿದಳು. ಅದು ಕದಲಲಿಲ್ಲ, ರೀಲು ಮುಗಿದಿತ್ತು.

ಯುಗಾದಿಯ ಹಿಂದಿನ ದಿನ ಮೈಸೂರು ಬಸ್ಸಿನಲ್ಲಿ ಲ್ಯಾಬಿನಿಂದ ಪ್ರಿಂಟುಗಳು ಬಂದವು. ಖಲಂದರ್ ಗಾಜಿನ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದರು. ಅರಳಿ, ಹುಣಸೆ, ನಾಲೆ ದಂಡೆ, ಮಾವಿನ ತೋಪು. ನೋಡುತ್ತ ನೋಡುತ್ತ ಅವರ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಏಳನ್ನು ಒಂದು ಕಡೆ ಇಟ್ಟರು. ಎಂಟನೆಯದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಇವೆಲ್ಲಕ್ಕಿಂತ ಚೆನ್ನಾಗಿದೆ," ಅಂದರು. "ಆದ್ರೆ ಮನುಷ್ಯರಿರಬಾರದು ಅಂತ ಮಾತಾಗಿತ್ತು. ಏಳೇ ಆಯ್ತು."

"ಗೊತ್ತು ಅಬ್ಬಾ. ಗೊತ್ತಿದ್ದೇ ತೆಗ್ದೆ." ಮಹೇಕ್ ಏಳು ಪ್ರಿಂಟನ್ನೂ ಒಟ್ಟುಮಾಡಿ ಅಪ್ಪನ ಕಡೆ ಸರಿಸಿದಳು. "ಮುಂದಿನ ಯುಗಾದಿಗೆ ಇನ್ನೊಂದು ರೀಲು ಕೇಳ್ತೀನಿ. ಅದರ ಮುಂದಿನ ವರ್ಷಾನೂ ಕೇಳ್ತೀನಿ. ನೀವು ಕೊಡೋವರೆಗೂ ಕೇಳ್ತೀನಿ."

ಅಷ್ಟರಲ್ಲಿ ಬಾಗಿಲಲ್ಲಿ ದ್ಯಾವಮ್ಮ. ಹಬ್ಬಕ್ಕೆ ಬೇವು ಬೆಲ್ಲದ ಬೆಲ್ಲ ಕೊಳ್ಳಲು ಪೇಟೆಗೆ ಬಂದದ್ದು, ಇತ್ತ ಬಂದಿತ್ತು. ಮಹೇಕ್ ಫೋಟೋವನ್ನು ಕೈಗಿಟ್ಟಳು. ಮುದುಕಿ ಅದನ್ನು ದೂರ ಹಿಡಿದು ನೋಡಿತು, ಹತ್ತಿರ ಹಿಡಿದು ನೋಡಿತು, ಸೆರಗಿನಿಂದ ಒರೆಸಿ ನೋಡಿತು.

"ನಾನೇನಾ? ನಮ್ಮವ್ವ ನಿಂತಂಗದೆ," ಎಂದು ಕಣ್ಣೊರೆಸಿಕೊಂಡಿತು. ಆಮೇಲೆ ಖಲಂದರರ ಕಡೆ ತಿರುಗಿ, ಬೈಗುಳವಿಲ್ಲ ಏನಿಲ್ಲ, ಮಳೆ ಬೆಳೆ ವಿಚಾರಿಸುವ ಹಾಗೆ ಹೇಳಿತು. "ಸಾಬ್ರೆ, ನಮ್ಮನೇಲಿ ನಾಕು ಮದ್ವೆ ಆಯ್ತು. ನಾಕಕ್ಕೂ ನೀವೇ ಬಂದಿದ್ರಿ. ಗಂಡ ಸತ್ತೋಳು ಅಂತ ಚಪ್ಪರದ ಮೂಲೇಲಿ ನಿಂತಿದ್ದೆ. ನೆಂಟ್ರು ಯಾರೂ ಕರೀನಿಲ್ಲ, ನೀವೇ ಬನ್ನಿ ಅಮ್ಮ ಅಂತ ಕರ್ದು ನಿಲ್ಸುದ್ರಿ. ನಾಕ್ ದಪನೂ ಮಿಂಚು ಬಂತು. ಪೋಟದಲ್ಲಿ ಮಾತ್ರ ನಾನಿರ್ನಿಲ್ಲ. ಇಪ್ಪತ್ತು ವರ್ಸ ನನ್ ಮೋರೆ ಪೋಟಕ್ಕೆ ಹತ್ತಾಕಿಲ್ಲ ಅನ್ಕಂಡಿದ್ದೆ ಕಣಪ್ಪ."

ಖಲಂದರ್ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ದ್ಯಾವಮ್ಮ ಫೋಟೋವನ್ನು ಬೆಲ್ಲದ ಪೊಟ್ಟಣದ ಮೇಲಿಟ್ಟುಕೊಂಡು, ಮಹೇಕ್ ತಲೆಗೆ ಕೈಯಿಟ್ಟು ನೆಟಿಕೆ ಮುರಿದು ಹೋಯಿತು.

ಖಲಂದರ್ ಎದ್ದು, ಬೀರುವಿನ ಬೀಗ ತೆಗೆದು, ಮೂರು ಹೊಸ ರೀಲು ತಂದು ಕ್ಯಾಮರಾದ ಪಕ್ಕದಲ್ಲಿಟ್ಟರು. ಫ್ಲ್ಯಾಶನ್ನು ಮಗಳ ಕಡೆ ತಳ್ಳುವಾಗ ಅವಳ ಮುಖ ನೋಡಲಿಲ್ಲ.

"ಮುಂದಿನ ವಾರ ಶೀಳನೆರೇಲಿ ಸೀಮಂತ ಇದೆ, ನೀನೇ ಹೋಗು," ಅಂದರು. "ಮೂಲೇಲಿ ನಿಂತಿರೋರ್ನ ಮೊದಲು ತೆಗಿ."