ಕೀಲಿರಾಯನ ಕೊನೆಯ ಬಾಗಿಲು

ಶುಕ್ರವಾರ ಅಂದರೆ ಶುಕ್ರವಾರ. ಇದರಲ್ಲಿ ಅರ್ಥವಾಗದೆ ಇರುವಂಥದ್ದೇನಿದೆ? ಮುಂದಿನ ತಿಂಗಳ ಮೊದಲ ಶುಕ್ರವಾರ ಕೀಲಿರಾಯನ ಕೊನೆಯ ಸಂಚಿಕೆ ಎಂದು ಹಿಂದಿನ ಸಂಚಿಕೆಯ ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದವರು ಅವರೇ. ನಾನೇನು ಅವರ ಕುತ್ತಿಗೆ ಹಿಡಿದು ಬರೆಸಿರಲಿಲ್ಲ. ಆ ಶುಕ್ರವಾರ ಬಂತು, ಹೋಯಿತು. ಮುಂದಿನ ತಿಂಗಳದ್ದೂ ಬಂತು, ಹೋಯಿತು. ಮೂರನೆಯದಕ್ಕೆ ನನ್ನ ತಾಳ್ಮೆಯೂ ಹೋಯಿತು. ಪುಸ್ತಕದಂಗಡಿಯ ಗಾಜಿನ ಮೇಲೆ ಕೈ ಬಡಿದು, "ಬಂತೇನ್ರೀ?" ಎಂದೆ.

ಅಂಗಡಿಯವರು ತಲೆ ಎತ್ತಲೂ ಇಲ್ಲ. "ನಿನ್ನೆ ಕೇಳಿದ್ರಿ, ಮೊನ್ನೆ ಕೇಳಿದ್ರಿ. ಬಂದ್ರೆ ನಾನೇನು ಬಚ್ಚಿಟ್ಕೊಂಡು ಕೂರ್ತೀನಾ?"

ನನ್ನ ಹಿಂದೆ ಬಸ್ ಡ್ರೈವರ್ ಒಬ್ಬರು ನಿಂತಿದ್ದರು. ಅವರೂ ಇದೇ ಗಿರಾಕಿ. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬರುತ್ತಾರೆ. "ಅವರಿಗೆ ಬರೆಯೋದೇ ಮರೆತು ಹೋಗಿದೆ ಕಣ್ರೀ," ಎಂದರು. "ನಾನು ಹತ್ತು ನಿಮಿಷ ತಡ ಮಾಡಿದ್ರೆ ಜನ ಬಸ್ಸಿಗೆ ಕಲ್ಲು ಹೊಡೀತಾರೆ. ಇವರಿಗೆ ಹೇಳೋರಿಲ್ಲ, ಕೇಳೋರಿಲ್ಲ."

ಕೀಲಿರಾಯ ಯಾರೆಂದು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಅವನು ತಿಂಗಳಿಗೊಮ್ಮೆ ಬರುವ ಚಿತ್ರಕಥೆಯ ನಾಯಕ, ಬೀಗ ರಿಪೇರಿಯವನು. ಅವನ ಕೈಗೆ ಬಗ್ಗದ ಬೀಗವಿಲ್ಲ. ಚಿಕ್ಕಂದಿನಲ್ಲಿ ಕಳೆದುಹೋದ ತಮ್ಮನನ್ನು ಹುಡುಕುತ್ತಾ ಊರೂರು ಅಲೆದು, ಸಿಕ್ಕ ಸಿಕ್ಕ ಬಾಗಿಲು ತೆಗೆದು, ಕಡೆಗೊಂದು ಬಾಗಿಲ ಮುಂದೆ ಬಂದು ನಿಂತಿದ್ದಾನೆ. ಗೊಂಚಲಿನ ಕೊನೆಯ ಕೀಲಿಗೆ ಬೀಗ ತೆರೆಯಿತು, ಬಾಗಿಲು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಹಿಡಿಕೆ ಹಿಡಿದು ನಿಂತವನ ಬೆನ್ನು ತೋರಿಸಿ ಸಂಚಿಕೆ ಮುಗಿಸಿಬಿಟ್ಟಿದ್ದರು. ಪಾಪ, ಅವನು ಅಂದಿನಿಂದ ಹಾಗೇ ನಿಂತಿದ್ದಾನೆ.

ನಾನೂ ನನ್ನ ತಂಗಿಯೂ ಕೀಲಿರಾಯನನ್ನು ಒಟ್ಟಿಗೇ ಓದುವುದು. ಅವಳಿಗೆ ಅಕ್ಷರ ಕಲಿಸಿದ್ದೇ ನಾನು, ಅದೂ ಈ ಪುಸ್ತಕದಲ್ಲೇ. ಎಡಗಡೆಯ ಪುಟ ನಾನು ಗಟ್ಟಿಯಾಗಿ ಓದಬೇಕು, ಬಲಗಡೆಯದು ಅವಳು. ಒಬ್ಬರೇ ತೆರೆಯುವ ಹಾಗಿಲ್ಲ. ಅವಳಿಗೆ ಜ್ವರ ಬಂದಾಗಲೂ, ನಾವಿಬ್ಬರೂ ಮಾತು ಬಿಟ್ಟು ಮುಖ ತಿರುಗಿಸಿಕೊಂಡಿದ್ದಾಗಲೂ ಈ ನಿಯಮ ತಪ್ಪಿಲ್ಲ. ಮಾತು ಬಿಟ್ಟಿದ್ದಾಗ ಪುಸ್ತಕವನ್ನಷ್ಟೇ ಓದಿ, ಮುಗಿದ ಮೇಲೆ ಮತ್ತೆ ಮುಖ ತಿರುಗಿಸಿಕೊಳ್ಳುತ್ತಿದ್ದೆವು.

ಈಗ ಆ ಹುಡುಗಿ ಬೆಳೆದು, ಮೆಕ್ಯಾನಿಕ್ ಆಗಿ, ಹಡಗೊಂದರ ಇಂಜಿನ್ ಕೋಣೆಯಲ್ಲಿ ಕೆಲಸ ಹಿಡಿದಿದ್ದಾಳೆ. ಭಾನುವಾರ ಬೆಳಿಗ್ಗೆ ಹೊರಡಬೇಕು. ಒಮ್ಮೆ ಹತ್ತಿದರೆ ಮತ್ತೆ ಮನೆಗೆ ಬರುವುದು ಯಾವಾಗಲೋ. ಕೀಲಿರಾಯನ ಕೊನೆಯ ಪುಟವನ್ನು ಅವಳಿಲ್ಲದೆ ಓದುವುದಾದರೆ ನನಗೆ ಅದು ಬೇಡವೇ ಬೇಡ. ಅದಕ್ಕೇ ಅಂಗಡಿಯವರ ತಲೆ ತಿನ್ನುತ್ತಿದ್ದೆ.

ಅವರಿಗೂ ಸಾಕಾಗಿ ಹೋಗಿತ್ತು. ಒಂದು ಚೀಟಿ ಹರಿದು ಗೀಚಿ ನನ್ನ ಕೈಗೆ ತುರುಕಿದರು. "ಅಂಚೆ ಕಚೇರಿ ಹಿಂದಿನ ಬೀದಿ, ಮೂರನೇ ಮಹಡಿ. ಗಂಡ ಕಥೆ ಬರೀತಾನೆ, ಹೆಂಡ್ತಿ ಚಿತ್ರ ಬರೀತಾಳೆ. ಹೋಗಿ ನೀವೇ ಕೇಳ್ಕೊಳ್ಳಿ. ನನ್ನ ಹೆಸರು ಮಾತ್ರ ಎತ್ತಬೇಡಿ."

ಶನಿವಾರ ಬೆಳಿಗ್ಗೆ ತಂಗಿಯನ್ನು ಎಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ನಾನೂ ದುಡಿದು ತಿನ್ನುವವಳು. ಟೈಲರಿಂಗ್ ಅಂಗಡಿ ಇದೆ. ಗೋಡೆಯ ಮೇಲೆ 'ಹೇಳಿದ ದಿನ ಕೊಡಲಾಗುವುದು' ಎಂದು ಬೋರ್ಡು ಹಾಕಿದ್ದೇನೆ.

"ಜಗಳ ಮಾಡಬೇಡ ಅಕ್ಕ," ಎಂದಳು ತಂಗಿ, ಮೆಟ್ಟಿಲು ಹತ್ತುತ್ತಾ.

"ಯಾರು ಜಗಳ ಮಾಡ್ತಾರೆ? ಮರ್ಯಾದೆಯಾಗಿ ನಾಲ್ಕು ಮಾತು ಬೈದು ಬರೋಣ."

ಬಾಗಿಲು ಬಡಿದೆ. ಒಳಗೆ ಗಂಡಸಿನ ದನಿ, ಹೆಂಗಸಿನ ದನಿ, ಕುರ್ಚಿ ಸರಿದ ಸದ್ದು. ಯಾರೂ ತೆಗೆಯಲಿಲ್ಲ. ಇನ್ನೊಮ್ಮೆ ಬಡಿದೆ. ಕೋಪ ನೆತ್ತಿಗೇರಿತು. ಹಿಡಿಕೆ ಹಿಡಿದು ಜೋರಾಗಿ ಜಗ್ಗಿದೆ. ಬಾಗಿಲು ಒಂದಿಷ್ಟು ಅದುರಿ ಗಟ್ಟಿಯಾಗಿ ನಿಂತಿತು. ಇನ್ನೂ ಜೋರಾಗಿ ಜಗ್ಗಿದೆ. ಒಳಗಿನಿಂದ "ಬರ್ತಿಲ್ವಲ್ಲೇ ಇದು, ಏನಾಗಿದೆ ಇದಕ್ಕೆ?" ಎಂದು ಯಾರೋ ಏದುಸಿರು ಬಿಡುತ್ತಿದ್ದರು. "ತೆಗೀರಿ," ಎಂದು ನಾನು ಕೂಗಿದೆ. "ತೆಗೀತಾನೇ ಇದೀನಿ," ಎಂದು ಅತ್ತಲಿಂದ ಅವರು ಕೂಗಿದರು.

ತಂಗಿ ನನ್ನ ಮೊಣಕೈ ಮುಟ್ಟಿದಳು. "ಅಕ್ಕ, ಬಿಡು. ನೀನು ಬಿಟ್ರೆ ಅವರು ತೆಗೀತಾರೆ."

ಬಿಟ್ಟೆ. ಬಾಗಿಲು ಧಡಾರನೆ ಒಳಕ್ಕೆ ತೆರೆದುಕೊಂಡಿತು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಬಡಕಲು ಮನುಷ್ಯನೊಬ್ಬ ನೆಲದ ಮೇಲೆ ಕೂತಿದ್ದ. ಅವನೇ ಕಥೆಗಾರ. ಅವನ ಹಿಂದೆ, ಬೆರಳಿಗೆಲ್ಲ ಶಾಯಿ ಮಾಡಿಕೊಂಡ ಎತ್ತರದ ಹೆಂಗಸು. ಜೋಡಿಸಿಟ್ಟಿದ್ದ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಆದರೆ ಆಕೆಯೇ ಮೊದಲು ಬಾಯಿ ತೆರೆದರು.

"ಓ, ನೀವಾ? ಅಂತೂ ನನ್ನ ಕೋಟು ತಂದ್ರಲ್ಲ."

ಆಗಲೇ ಗುರುತು ಹತ್ತಿತು. ಗಿರಾಕಿಗಳನ್ನು ನಾನು ಗುರುತಿಡುವುದು ಅಳತೆಯಲ್ಲಿ. ಈಕೆ ನನಗೆ 'ಉದ್ದತೋಳಿನವರು'. ಬೂದು ಬಣ್ಣದ ಕೋಟಿಗೆ ಅಳತೆ ಕೊಟ್ಟುಹೋಗಿದ್ದರು. ತೋಳು ಕೂರಿಸದ ಆ ಕೋಟು ನನ್ನ ಅಂಗಡಿಯ ಮೊಳೆಗೆ ಎಷ್ಟೋ ವಾರದಿಂದ ನೇತಾಡುತ್ತಿತ್ತು. ಬಂದಾಗಲೆಲ್ಲ ನಾನು ಹೇಳಿದ್ದು ಒಂದೇ ಮಾತು: ಶುಕ್ರವಾರ ಬನ್ನಿ.

ತಂಗಿ ನನ್ನ ಮುಖ ನೋಡಿದಳು, ಆಕೆಯ ಮುಖ ನೋಡಿದಳು, ಗೋಡೆಗೆ ಒರಗಿ ನಗತೊಡಗಿದಳು. ನಗು ನಿಲ್ಲಿಸಲಾಗದೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

"ಕೋಟು ಇವತ್ತು ಸಂಜೆಯೊಳಗೆ ಕೊಡ್ತೀನಿ," ಎಂದೆ, ಮುಖ ಗಂಟುಹಾಕಿಕೊಂಡೇ. "ಇಲ್ಲೇ ಕೂತು ಮುಗಿಸ್ತೀನಿ. ನೀವೂ ಇಲ್ಲೇ ಕೂತು ಕೀಲಿರಾಯನ್ನ ಮುಗಿಸಬೇಕು. ನಾಳೆ ನನ್ನ ತಂಗಿ ಹಡಗು ಹತ್ತೋಕೆ ಹೊರಡ್ತಾಳೆ. ಅವಳು ಹೋಗೋಕ್ಕಿಂತ ಮುಂಚೆ ನಾವಿಬ್ಬರೂ ಓದಬೇಕು."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ, ಒಳಗೆ ಬನ್ನಿ ಎಂದು ದಾರಿ ಬಿಟ್ಟರು.

ತಂಗಿ ಓಡಿಹೋಗಿ ಕೋಟು, ಸೂಜಿ, ದಾರ ತಂದಳು. ಕಿಟಕಿಯ ಪಕ್ಕದ ಉದ್ದ ಮೇಜಿನ ಒಂದು ಕೊನೆಯಲ್ಲಿ ನಾನು, ಇನ್ನೊಂದು ಕೊನೆಯಲ್ಲಿ ಚಿತ್ರಗಾರ್ತಿ. ಅವರ ಮುಂದೆ ಎಲ್ಲ ಪುಟಗಳೂ ಸಿದ್ಧವಾಗಿದ್ದವು, ಕೊನೆಯದೊಂದು ಬಿಟ್ಟು. ಅದರ ಚೌಕಗಳಿಗೆ ಗೆರೆ ಎಳೆದು ಖಾಲಿ ಬಿಟ್ಟಿದ್ದರು. ನನಗೆ ಮತ್ತೆ ಸಿಟ್ಟು ಬಂತು.

"ಒಂದು ಪುಟಕ್ಕೆ ಇಷ್ಟು ತಿಂಗಳಾ?"

"ನೀವು ಎರಡು ತೋಳಿಗೆ ತಗೊಂಡ್ರಲ್ಲ," ಎಂದರು ಆಕೆ, ತಲೆ ಎತ್ತದೆ.

ಕಥೆಗಾರ ವಿಷಯ ಬಿಡಿಸಿ ಹೇಳಿದ. ಇಬ್ಬರೂ ಒಪ್ಪದೆ ಯಾವ ಪುಟವೂ ಆ ಮನೆಯ ಹೊಸಿಲು ದಾಟುವಂತಿಲ್ಲ. ಮೊದಲ ಸಂಚಿಕೆಯಿಂದಲೂ ಅದೇ ಪದ್ಧತಿ. ಬಾಗಿಲ ಹಿಂದೆ ತಮ್ಮನೇ ಇರಬೇಕು ಎಂದು ಹೆಂಡತಿಯ ಹಟ. ಇವನದು ಒಂದೇ ಪ್ರಶ್ನೆ. "ತಮ್ಮ ಒಳಗೇ ಇದ್ರೆ, ಅವನೂ ಬೀಗದವರ ಮನೆ ಹುಡುಗನೇ ತಾನೇ? ಬೀಗ ತೆರೆದಾಗಿದೆ, ಒಳಗೆ ಚಿಲಕ ಇಲ್ಲ. ಹೊರಗೆ ಅಣ್ಣ ಇಷ್ಟು ಬಡ್ಕೋತಾ ಇದಾನೆ. ಇವನು ಬಾಗಿಲು ತೆಗೆಯೋಕೇನು ಕಷ್ಟ? ಓದೋರು ನನ್ನ ಮುಖಕ್ಕೆ ಉಗೀತಾರೆ."

"ಉಗೀತೀವಿ," ಎಂದೆ ನಾನು, ಕಚ್ಚಾ ಹೊಲಿಗೆ ಹಾಕುತ್ತಾ.

"ಹಾಗಾದ್ರೆ ಒಳಗೆ ಯಾರೂ ಇರಬಾರದು. ಖಾಲಿ ಕೋಣೆ."

"ಅದಕ್ಕೂ ಉಗೀತೀವಿ."

ಅವನು ಮುಖ ಸಣ್ಣದು ಮಾಡಿಕೊಂಡ.  ಒಂದು ತೋಳು ಕೂತಿತು, ಇನ್ನೊಂದಕ್ಕೆ ಕೈ ಹಾಕಿದೆ. ತಂಗಿ ತೆರೆದೇ ಇದ್ದ ಬಾಗಿಲನ್ನು ನೋಡುತ್ತಾ ಕೂತಿದ್ದವಳು ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿದಳು. "ಅವನೂ ತೆಗೀತಾನೇ ಇದ್ದ ಅನ್ಸತ್ತೆ."

"ಯಾರು?"

"ತಮ್ಮ. ಇವನು ಆಚೆಯಿಂದ ಎಳೀತಿದಾನೆ, ಅವನು ಒಳಗಿಂದ ಎಳೀತಿದಾನೆ. ಬೆಳಿಗ್ಗೆ ನಮ್ಮಕ್ಕನೂ ನೀವೂ ಎಳೆದಾಡಿದ್ರಲ್ಲ, ಹಾಗೆ. ಯಾರಾದ್ರೂ ಒಬ್ಬರು ಬಿಡಬೇಕಿತ್ತು, ಅಷ್ಟೇ."

ಕಥೆಗಾರನ ಕಿವಿಯಿಂದ ಪೆನ್ಸಿಲ್ ಜಾರಿ ಕೆಳಗೆ ಬಿತ್ತು. ಚಿತ್ರಗಾರ್ತಿ ಗಂಡನನ್ನು ನೋಡಿದರು. ಅವನು ಹೌದೆಂದು ತಲೆಯಾಡಿಸಿದ. ಅಷ್ಟೇ. ಆ ಉದ್ದ ಕೈ ಕಾಗದದ ಮೇಲೆ ಓಡತೊಡಗಿತು. ಅವನು ಪಕ್ಕದಲ್ಲಿ ನಿಂತು ಮಾತು ಹೇಳುತ್ತಾ ಹೋದ, ಆಕೆ ಬೇಡದ್ದನ್ನು ಹೊಡೆದುಹಾಕುತ್ತಾ ಹೋದರು. ನಾನು ಗುಂಡಿಗೆ ಕಾಜಾ ಹಾಕುವುದನ್ನು ಬಿಟ್ಟು ಕತ್ತು ಚಾಚಿದರೆ, "ನಿಮ್ಮ ಕೆಲಸ ನೋಡ್ಕೊಳ್ಳಿ," ಎಂದು ಗದರಿದರು. ನನ್ನನ್ನು ಗದರುವ ಧೈರ್ಯ ನಮ್ಮಮ್ಮನ ಕಾಲಕ್ಕೇ ಮುಗಿದಿತ್ತು. ಆದರೂ ಯಾಕೋ ಖುಷಿಯಾಯಿತು.

ಬಿಸಿಲು ಕಿಟಕಿ ದಾಟುವ ಹೊತ್ತಿಗೆ ನಾನು ಕೊನೆಯ ಗುಂಡಿಯ ದಾರ ಕಡಿದೆ. ಆಕೆ ಕೊನೆಯ ಗೆರೆ ಎಳೆದು ಶಾಯಿಯ ಮೇಲೆ ಊದಿದರು. ಯಾರು ಮೊದಲು ಮುಗಿಸಿದರು ಎಂಬುದರ ಬಗ್ಗೆ ಈಗಲೂ ನಮ್ಮಲ್ಲಿ ಒಮ್ಮತವಿಲ್ಲ.

ಪುಟಗಳನ್ನು ಮೇಜಿನ ಮೇಲೆ ಜೋಡಿಯಾಗಿ ಹರಡಿದರು. ಎಡಗಡೆಯದು ನಾನು ಓದಿದೆ, ಬಲಗಡೆಯದು ತಂಗಿ. ಬರೆದವರಿಬ್ಬರೂ ಶಾಲೆಯ ಮಕ್ಕಳ ಹಾಗೆ ಕೈಕಟ್ಟಿಕೊಂಡು ಕೇಳಿದರು. ಆಕೆ ಹೊಸ ಕೋಟು ತೊಟ್ಟೇ ಕೂತಿದ್ದರು. ಕೊನೆಯ ಪುಟ ಎಡಕ್ಕೆ ಬಂತು. ಅಂದರೆ ನನ್ನದು. ಕೀಲಿರಾಯ ಎಳೆದು ಎಳೆದು ಸುಸ್ತಾಗಿ, ಜೀವನದಲ್ಲಿ ಮೊದಲ ಸಲ ಒಂದು ಬಾಗಿಲಿನಿಂದ ಕೈ ತೆಗೆಯುತ್ತಾನೆ. ಬಾಗಿಲು ತಾನಾಗಿ ಒಳಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ತಮ್ಮ, ಅಂಗಾತ ಬಿದ್ದಿದ್ದಾನೆ, ಕೈಯಲ್ಲಿ ಹಿಡಿಕೆ ಕಿತ್ತು ಬಂದಿದೆ. ಅವನ ಮಾತಿನ ಗುಳ್ಳೆಯನ್ನು ನಾನು ಓದಬೇಕಿತ್ತು. ಅದರ ಮೇಲೆ ಬೆರಳಿಟ್ಟೆ, ಓದಲಾಗಲಿಲ್ಲ. ತಂಗಿ ನನ್ನ ಭುಜದ ಮೇಲೆ ಗಲ್ಲ ಊರಿ, ನಿಯಮ ಮುರಿದು, ನನ್ನ ಪುಟವನ್ನು ತಾನೇ ಓದಿದಳು.

"ಎಷ್ಟು ಹೊತ್ತಿಂದ ಎಳೀತಿದೀಯ ಅಣ್ಣ. ಮೊದಲೇ ಬಿಡಬಾರದಿತ್ತಾ?"

ನಾನು ಅತ್ತೆ. ನಗುತ್ತಲೇ ಅತ್ತೆ. ಕಥೆಗಾರನೂ ಕಣ್ಣೊರೆಸಿಕೊಂಡ, ತಾನೇ ಬರೆದದ್ದಕ್ಕೆ ತಾನೇ ಅಳುವ ಭೂಪ.

ಭಾನುವಾರ ತಂಗಿಯನ್ನು ಬಂದರಿನ ಬಸ್ಸು ಹತ್ತಿಸಲು ಹೋಗಿ ಡ್ರೈವರ್ ಸೀಟಿನಲ್ಲಿ ಕೂತವರನ್ನು ನೋಡಿದರೆ, ಅದೇ ಪುಸ್ತಕದಂಗಡಿಯ ಗಿರಾಕಿ. ತಂಗಿ ಓದಿ ಬಂದಿದ್ದಾಳೆಂದು ಗೊತ್ತಾದದ್ದೇ ತಡ, ಇಂಜಿನ್ ಆರಿಸಿಬಿಟ್ಟರು. "ಬಾಗಿಲ ಹಿಂದೆ ಯಾರಿದ್ರು ಹೇಳಿ. ಆಮೇಲೇ ಬಸ್ಸು."

"ಶುಕ್ರವಾರ ಬರತ್ತೆ, ಓದ್ಕೊಳ್ಳಿ," ಎಂದಳು ತಂಗಿ.

"ಯಾವ ಶುಕ್ರವಾರ?"

ಹಿಂದಿನ ಸೀಟಿನವರೆಲ್ಲ ಕೂಗಾಡತೊಡಗಿದ ಮೇಲೆ ಗೊಣಗುತ್ತಾ ಇಂಜಿನ್ ಹಚ್ಚಿದರು. ತಂಗಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಅವಳ ಚೀಲದ ಒಂದು ಹಿಡಿ ಅವಳ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ. ಅವಳು ಎಳೆದಳು. ಚೀಲ ಬರಲಿಲ್ಲ. ನಾನು ಹಿಡಿದುಕೊಂಡಿದ್ದೇನೆ ಎಂಬುದು ನನಗೇ ಗೊತ್ತಿರಲಿಲ್ಲ.

"ಅಕ್ಕ, ಬಿಡು," ಎಂದಳು.

ಬಿಟ್ಟೆ. ಅವಳು ನಗುತ್ತಾ ಮೇಲೆ ಹತ್ತಿದಳು.